‘ಡಿಸೆಂಟ್’ ಎರಡನೇ ಭಾಗ: ದುಡ್ಡೂ ಹೋಯ್ತು, ಮೊದಲ ಭಾಗವೂ ಕೆಟ್ಟಿತು

ಮಳೆಗಾಲಕ್ಕೆ ಕೊಡಗಿಗೆ ಬರುವವರಿಗೂ ಹೇಳುತ್ತಿದ್ದೇನೆ, ಇಲ್ಲೇ ಇದ್ದು ಮಳೆಗೆ ಬೇಜಾರಾಗಿ ಏನಾದರೂ ನೋಡೋಣ ಅನ್ನುವ ನಮ್ಮವರಿಗೂ ಹೇಳುತ್ತಿದ್ದೇನೆ. ‘ದಿ ಡಿಸೆಂಟ್’ ಸಿನಿಮಾದ ಎರಡನೇ ಭಾಗ ನೋಡಬೇಡಿ. ಬರೀ ಕೆಟ್ಟ ಸಿನಿಮಾ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಕೆಟ್ಟ ಸಿನಿಮಾ ಎಷ್ಟೋ ಬರುತ್ತವೆ. ನೋಡುತ್ತೇವೆ, ಬೈಯುತ್ತೇವೆ, ಮರೆಯುತ್ತೇವೆ. ಇದು ಹಾಗಲ್ಲ. ಇದು ಮೊದಲ ಭಾಗವನ್ನೂ ಹಾಳು ಮಾಡಿ ಹೋಗುತ್ತದೆ. ಹೇಗೆ ಅಂತ ಹೇಳಬೇಕಾದರೆ ಕಥೆ ಬಿಟ್ಟುಕೊಡಲೇಬೇಕು. ಮೊದಲನೆಯದನ್ನು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಅದನ್ನು ನೋಡಿಕೊಂಡು ಬನ್ನಿ.

ಆಗಿದ್ದು ಇಷ್ಟು. ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ಒಂದು ಹೋಂಸ್ಟೇ. ಹೆಸರು ಬೇಡ. ‘ಮಳೆಗಾಲದ ಹಾರರ್ ನೈಟ್, ಎರಡೂ ಭಾಗ ಬೆನ್ನುಬೆನ್ನಿಗೆ, ಒಂದು ಸೀನೂ ಕಟ್ ಇಲ್ಲ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಬಂತು. ತಲೆಗೆ 700 ರೂಪಾಯಿ. ಅದರಲ್ಲೇ ರಾತ್ರಿ ಊಟ, ಪಂದಿ ಕರಿ, ಕಡಂಬುಟ್ಟು. ಬೆಂಗಳೂರಿಂದ ಅಕ್ಕ, ಬಾವ ಬಂದಿದ್ದರು. ಹೊರಗೆ ಕಾಲಿಡೋಕೆ ಆಗದ ಮಳೆ, ತೋಟಕ್ಕೆ ಹೋದರೆ ಜಿಗಣೆ. ಹೋಗಿ ಬರೋಣ ಅಂತ ಹೊರಟೆವು. ಚಿಕ್ಕಮ್ಮನೂ ಜೊತೆಗೆ ಬಂದರು.

ಮೊದಲ ಭಾಗದ ಬಗ್ಗೆ ನನಗಿದ್ದ ಪ್ರೀತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಿಟ್ಟು ಯಾಕೆ ಅಂತ ಗೊತ್ತಾಗಲ್ಲ. 2005ರಲ್ಲಿ ನೀಲ್ ಮಾರ್ಷಲ್ ಮಾಡಿದ ಬ್ರಿಟಿಷ್ ಸಿನಿಮಾ ಅದು. ಖರ್ಚು ಸುಮಾರು 35 ಲಕ್ಷ ಪೌಂಡ್, ಅವರ ಲೆಕ್ಕಕ್ಕೆ ಚಿಲ್ಲರೆ ದುಡ್ಡು. ಆರು ಜನ ಹೆಣ್ಣುಮಕ್ಕಳು ಅಮೆರಿಕದ ಬೆಟ್ಟಸೀಮೆಯಲ್ಲಿ ಒಂದು ಗುಹೆಗೆ ಇಳಿಯುತ್ತಾರೆ. ಕರೆದುಕೊಂಡು ಹೋದವಳು ಜೂನೋ. ಇದು ಯಾವ ನಕ್ಷೆಯಲ್ಲೂ ಇಲ್ಲದ ಗುಹೆ ಅನ್ನುವುದನ್ನು ಅವಳು ಉಳಿದವರಿಗೆ ಹೇಳಿರುವುದಿಲ್ಲ. ಗುಹೆ ಕುಸಿದು ವಾಪಸ್ ದಾರಿ ಮುಚ್ಚಿದ ಮೇಲೆ ಬಾಯಿ ಬಿಡುತ್ತಾಳೆ. ಒಳಗೆ ಕಣ್ಣು ಕಾಣದ, ಶಬ್ದ ಕೇಳಿಯೇ ಬೇಟೆಯಾಡುವ ಜೀವಿಗಳಿವೆ. ಆದರೆ ಅವು ಸರಿಯಾಗಿ ಕಾಣಿಸುವ ಹೊತ್ತಿಗೆ ಅರ್ಧ ಸಿನಿಮಾ ಮುಗಿದಿರುತ್ತೆ. ಅಲ್ಲಿವರೆಗೆ ನಮ್ಮನ್ನು ಹೆದರಿಸುವುದು ಬಂಡೆ, ಕತ್ತಲೆ, ಅವರವರ ನಡುವಿನ ಗುಟ್ಟು, ಅಷ್ಟೇ.

ಕತ್ತಲೆ ಅಂದರೆ ನಿಜವಾದ ಕತ್ತಲೆ. ಅವರ ಹೆಲ್ಮೆಟ್ ದೀಪ, ಕೈಯಲ್ಲಿನ ಕೆಂಪು ಫ್ಲೇರ್, ಕ್ಯಾಮೆರಾದ ಹಸಿರು ಬೆಳಕು. ಅದು ಎಷ್ಟು ತೋರಿಸುತ್ತೋ ಅಷ್ಟೇ ನಮಗೂ ಕಾಣುತ್ತೆ. ಆ ಗುಹೆಗಳೆಲ್ಲ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ ಅಂದರೆ ನಂಬೋಕೆ ಕಷ್ಟ. ಆ ಜೀವಿಗಳ ವೇಷವನ್ನು ನಟಿಯರಿಗೆ ಮೊದಲೇ ತೋರಿಸಿರಲಿಲ್ಲವಂತೆ, ಶೂಟಿಂಗ್ ಹೊತ್ತಿಗೇ ಎದುರಿಗೆ ಬಿಟ್ಟರಂತೆ. ಆ ಕಿರುಚಾಟದಲ್ಲಿ ಸ್ವಲ್ಪ ನಿಜವೂ ಇದೆ ಅಂತಾಯ್ತು.

ರಕ್ತ ಅದರಲ್ಲೂ ಜಾಸ್ತಿನೇ ಇದೆ. ಆದರೆ ಒಂದೊಂದು ಗಾಯಕ್ಕೂ ಕಥೆಯಲ್ಲಿ ಕೆಲಸವಿದೆ. ಜೂನೋ ಗಾಬರಿಯಲ್ಲಿ ತಿರುಗಿ ಬೀಸಿದ ಪಿಕಾಸಿ ತನ್ನದೇ ಗೆಳತಿ ಬೆತ್‌ಳ ಕುತ್ತಿಗೆಗೆ ನಾಟುತ್ತೆ. ಅವಳನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಅಲ್ಲಿಂದ ಮುಂದೆ ಆ ಜೀವಿಗಳು ಲೆಕ್ಕಕ್ಕೇ ಇಲ್ಲ, ಆ ಆರು ಜನರಲ್ಲೇ ಒಬ್ಬಳಾದ, ಕಥೆಯ ನಾಯಕಿ ಸಾರಾಗೆ ಇದು ಗೊತ್ತಾದರೆ ಏನಾಗುತ್ತೆ ಅನ್ನುವುದೇ ಭಯ. ಗೊತ್ತಾಗುತ್ತೆ. ಸಾರಾ ಪಿಕಾಸಿಯನ್ನು ಜೂನೋಳ ಕಾಲಿಗೆ ಹೊಡೆದು, ಬರುತ್ತಿರುವ ಗುಂಪಿಗೆ ಅವಳನ್ನು ಬಿಟ್ಟು ನಡೆಯುತ್ತಾಳೆ. ಅವಳು ಮಾಡಿದ್ದು ಸರಿನಾ ತಪ್ಪಾ ಅಂತ ನಾನೂ ಬಾವನೂ ಇವತ್ತಿಗೂ ಜಗಳ ಆಡುತ್ತೇವೆ.

ಈಗ ಕೊನೆ. ಇದೇ ಮುಖ್ಯ. ಮೂಲ ಸಿನಿಮಾದಲ್ಲಿ ಸಾರಾ ಗುಹೆಯಿಂದ ತೆವಳಿ ಹೊರಬಂದು ಕಾರು ಓಡಿಸಿಕೊಂಡು ಹೋಗುತ್ತಾಳೆ. ನಿಲ್ಲಿಸುತ್ತಾಳೆ. ಪಕ್ಕದ ಸೀಟಿನಲ್ಲಿ ಜೂನೋ ಕೂತಿರುತ್ತಾಳೆ. ಅಲ್ಲಿಂದ ಎಚ್ಚರಾದರೆ, ಇನ್ನೂ ಗುಹೆಯಲ್ಲೇ ಇದ್ದಾಳೆ. ಹೊರಗೆ ಬಂದಿದ್ದೆಲ್ಲ ಕನಸು. ಎದುರಿಗೆ ಸತ್ತ ಮಗಳು ಹುಟ್ಟುಹಬ್ಬದ ಕೇಕ್ ಇಟ್ಟುಕೊಂಡು ಕೂತಂತೆ ಕಾಣುತ್ತಾಳೆ. ಸುತ್ತಲೂ ಆ ಜೀವಿಗಳ ಸದ್ದು. 2006ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಈ ಕೊನೆಯನ್ನು ಕತ್ತರಿಸಿದರು. ಕಾರಿನಲ್ಲಿ ಜೂನೋ ಕಾಣಿಸುವ ಕಡೆಗೇ ಸಿನಿಮಾ ಮುಗಿಯುತ್ತೆ. ಅಂದರೆ ಅಮೆರಿಕದವರ ಪಾಲಿಗೆ ಸಾರಾ ಬದುಕಿ ಹೊರಬಂದಳು.

ಎರಡನೇ ಭಾಗ ನಿಂತಿರುವುದು ಈ ಕತ್ತರಿಸಿದ ಕೊನೆಯ ಮೇಲೆ. ಅವಳು ಹೊರಗೆ ಬರದೆ ಎರಡನೇ ಕಥೆಯೇ ಇಲ್ಲವಲ್ಲ. ಮೊದಲ ಸಿನಿಮಾದ ಜೀವ ಇದ್ದಿದ್ದೇ ‘ಅವಳು ಹೊರಗೆ ಬರಲೇ ಇಲ್ಲ’ ಅನ್ನುವುದರಲ್ಲಿ. ಅದನ್ನು ತೆಗೆದು ಬಿಸಾಡಿದ ಮೇಲೇ ಇದು ಶುರುವಾಗುವುದು.

ನಮ್ಮ ಹೋಂಸ್ಟೇಯವರು ಹಾಕಿದ್ದು ಆ ಚಿಕ್ಕ ಕೊನೆಯ ಪ್ರತಿಯನ್ನೇ. ಕಾರಿನ ಸೀನು ಬಂತು, ಪರದೆ ಕಪ್ಪಾಯ್ತು, ಲೈಟ್ ಹಾಕಿ ಕಾಫಿ ಕೊಟ್ಟರು. ‘ಕೊನೆ ಎಲ್ಲಿ?’ ಅಂತ ಕೇಳಿದರೆ ಅಲ್ಲಿದ್ದ ಹುಡುಗ, ‘ಇಷ್ಟೇ ಸರ್ ಇರೋದು. ಕಟ್ ಏನೂ ಇಲ್ಲ, ರಕ್ತ ಎಲ್ಲಾ ಇತ್ತಲ್ಲ?’ ಅಂದ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಕಟ್ ಇಲ್ಲ ಅಂದರೆ ರಕ್ತ ಪೂರ್ತಿ ಇದೆ ಅಂತ ಅವನ ಲೆಕ್ಕ. ಪೋಸ್ಟರ್ ಹಾಕಿದ ಮಾಲೀಕರಿಗೆ ಮಾತ್ರ ಮಾರುವ ಮುಂಚೆ ಏನು ಮಾರುತ್ತಿದ್ದೇವೆ ಅಂತ ಗೊತ್ತಿರಬೇಕಿತ್ತು.

ಇನ್ನು ಎರಡನೇ ಭಾಗ. 2009ರದ್ದು. ನಿರ್ದೇಶಕ ಜಾನ್ ಹ್ಯಾರಿಸ್, ಮೊದಲನೆಯದರ ಎಡಿಟರ್. ಕ್ಯಾಮೆರಾ ಸ್ಯಾಮ್ ಮೆಕರ್ಡಿ, ಸಂಗೀತ ಡೇವಿಡ್ ಜೂಲಿಯನ್, ಇಬ್ಬರೂ ಹಳಬರೇ. ಸಾರಾ, ಜೂನೋ ಪಾತ್ರದವರೂ ಅವರೇ. ಇಷ್ಟೆಲ್ಲ ಇದ್ದೂ ಮೊದಲನೆಯದರ ಹತ್ತಿರಕ್ಕೂ ಹೋಗಿಲ್ಲ.

ಮೈಯೆಲ್ಲ ರಕ್ತ ಮೆತ್ತಿಕೊಂಡ, ನೆನಪು ಕಳೆದುಕೊಂಡ ಸಾರಾ ಸಿಗುತ್ತಾಳೆ. ಆಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲಿನ ಪೊಲೀಸ್ ಅಧಿಕಾರಿ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಅದೇ ಗುಹೆಗೆ ವಾಪಸ್ ಇಳಿಸುತ್ತಾನೆ! ದಾರಿ ತೋರಿಸಬೇಕಂತೆ. ಬಾವ ಅಲ್ಲೇ ನಕ್ಕುಬಿಟ್ಟರು. ‘ನಮ್ಮ ಕಡೆ ಬಿದ್ದ ಮರ ತೆಗೆಸೋಕೆ ಎಷ್ಟು ಅರ್ಜಿ ಕೊಡಬೇಕು. ಇವನು ಪೇಷೆಂಟನ್ನೇ ಎತ್ತಿಕೊಂಡು ಹೋದನಲ್ಲೋ ಮಾರಾಯ’ ಅಂದರು. ಒಳಗೆ ಹೋದ ಮೇಲೆ ಆ ಅಧಿಕಾರಿ ಬಂದೂಕು ಹಾರಿಸಿ ಗುಹೆ ಕುಸಿಯುವಂತೆ ಮಾಡುತ್ತಾನೆ. ಕಾಲಿಗೆ ಪಿಕಾಸಿ ಏಟು ತಿಂದು, ಗುಂಪಿನ ಮಧ್ಯೆ ಒಬ್ಬಳೇ ಸಿಕ್ಕಿಬಿದ್ದಿದ್ದ ಜೂನೋ ಜೀವಂತವಾಗಿ ಓಡಾಡಿಕೊಂಡಿರುತ್ತಾಳೆ. ಅಷ್ಟು ಭಾರವಾಗಿದ್ದ ಆ ದ್ರೋಹ, ಆ ಸೇಡು ಎಲ್ಲ ಸ್ವಲ್ಪ ಹೊಡೆದಾಟದಲ್ಲಿ ಕರಗಿ, ಇಬ್ಬರೂ ಒಟ್ಟಿಗೆ ನಿಂತು ಬಡಿದಾಡುತ್ತಾರೆ. ಸಾರಾ ಮಾಡಿದ್ದು ಸರಿನಾ ಅನ್ನುವ ಪ್ರಶ್ನೆಯೇ ಹೋಯ್ತು. ನನ್ನ, ಬಾವನ ಜಗಳಕ್ಕೂ ಬೆಲೆ ಇಲ್ಲದಂತಾಯ್ತು.

ಬೆಳಕಂತೂ ಕೇಳಲೇಬೇಡಿ. ಅದೇ ಗುಹೆ, ಈ ಸಲ ಮದುವೆ ಮಂಟಪದ ಹಾಗೆ ಎಲ್ಲ ಕಡೆ ಕಾಣುತ್ತೆ. ಜೀವಿಗಳೂ ಬೇಗ ಬರುತ್ತವೆ, ಹತ್ತಿರದಿಂದ, ನಿಧಾನವಾಗಿ, ಚರ್ಮದ ಸುಕ್ಕು ಎಣಿಸುವಷ್ಟು ಕಾಣಿಸುತ್ತವೆ. ಒಮ್ಮೆ ಪೂರ್ತಿ ಕಂಡ ಮೇಲೆ ಅದು ಬಣ್ಣ ಬಳಿದುಕೊಂಡ ಮನುಷ್ಯ ಅಷ್ಟೇ. ಹೆದರಿಕೆ ಹುಟ್ಟಿಸೋಕೆ ಆಗದಿದ್ದಾಗ ರಕ್ತ ಹೆಚ್ಚು ಮಾಡಿದ್ದಾರೆ. ತಾನು ಹಿಂದೆ ಬೀಳಬಾರದು ಅಂತ ಅಧಿಕಾರಿ ಸಾರಾ ಕೈಗೂ ತನ್ನ ಕೈಗೂ ಬೇಡಿ ಹಾಕಿಕೊಂಡಿರುತ್ತಾನೆ. ಅವನು ಜಾರಿ ನೇತಾಡಿದಾಗ ಅವನ ಕೈಯನ್ನು ಕಡಿಯುತ್ತಾರೆ. ನಿಜ ಹೇಳಬೇಕೆಂದರೆ ಇಡೀ ಸಿನಿಮಾದಲ್ಲಿ ಚೆನ್ನಾಗಿರುವುದು ಇದೊಂದೇ. ಯಾಕೆಂದರೆ ಇಲ್ಲಿ ರಕ್ತದ ಹಿಂದೆ ಒಂದು ತೀರ್ಮಾನವಿದೆ. ಉಳಿದದ್ದು ಬರೀ ಚಿಮ್ಮುತ್ತೆ. ಸ್ವಲ್ಪ ಹೊತ್ತಿಗೆ ಅಕ್ಕ ಫೋನ್ ತೆಗೆದು ಕೂತಳು.

ಕೊನೆಯದಂತೂ ಸಿಟ್ಟು ತರಿಸುತ್ತೆ. ಪೊಲೀಸ್ ಹುಡುಗಿ ರಿಯೋಸ್ ತಪ್ಪಿಸಿಕೊಳ್ಳಲಿ ಅಂತ ಸಾರಾ ಕಿರುಚಿ ಎಲ್ಲವನ್ನೂ ತನ್ನ ಕಡೆ ಎಳೆದುಕೊಂಡು ಸಾಯುತ್ತಾಳೆ. ರಿಯೋಸ್ ಹೊರಗೆ ಬರುತ್ತಾಳೆ. ಶುರುವಿನಲ್ಲಿ ದಾರಿ ತೋರಿಸಿದ್ದ ಮುದುಕ ಎಲ್ಲಿಂದಲೋ ಬಂದು ಸಲಿಕೆಯಿಂದ ಅವಳಿಗೆ ಬಡಿದು, ಗುಹೆಯ ಬಾಯಿಗೆ ಎಳೆದು ಹಾಕುತ್ತಾನೆ. ಯಾಕೆ? ಸಿನಿಮಾ ಹೇಳಲ್ಲ. ಮೂರನೆಯದಕ್ಕೆ ಇರಲಿ ಅಂತ ಇಟ್ಟುಕೊಂಡಿರಬೇಕು. ಹಾಲ್‌ನಲ್ಲಿ ಯಾರೋ ‘ಆಯ್ತಾ?’ ಅಂದರು. ಯಾರೂ ಉತ್ತರ ಕೊಡಲಿಲ್ಲ.

ಹಾಗಂತ ಎರಡನೇ ಭಾಗ ಅಂದರೆ ಕೆಟ್ಟದ್ದೇ ಅಂತ ನಾನು ಹೇಳಲ್ಲ. ಸ್ಯಾಮ್ ರೈಮಿಯ ‘ಈವಿಲ್ ಡೆಡ್’ 1981ರದ್ದು. 1987ರಲ್ಲಿ ಬಂದ ಎರಡನೆಯದು ಅದೇ ಕಾಡುಮನೆ, ಅದೇ ಹುಚ್ಚು ಇಟ್ಟುಕೊಂಡು ನಗುವ ಕಡೆಗೆ ತಿರುಗಿತು. ‘ಏಲಿಯನ್’ ಆದ ಮೇಲೆ 1986ರಲ್ಲಿ ಜೇಮ್ಸ್ ಕ್ಯಾಮರನ್ ಮಾಡಿದ್ದು ಹೆಚ್ಚುಕಡಿಮೆ ಯುದ್ಧದ ಸಿನಿಮಾ. ಇಬ್ಬರೂ ಹಿಂದಿನದನ್ನು ಅದರ ಪಾಡಿಗೆ ಬಿಟ್ಟು ಬೇರೆ ದಾರಿ ಹಿಡಿದರು. ಇದು ಹಿಂದಿನ ದಾರಿಯಲ್ಲೇ ಟಾರ್ಚ್ ಹಿಡಿದು ವಾಪಸ್ ಹೋಯ್ತು.

ಚಿಕ್ಕಮ್ಮನ ವಿಷಯ ಹೇಳದಿದ್ದರೆ ಈ ಎಚ್ಚರಿಕೆ ಅರ್ಧ ಆಗುತ್ತೆ. ಅವರು ಮಕ್ಕಂದೂರು ಕಡೆಯವರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಆ ಕಡೆ, ಜೋಡುಪಾಲದ ಕಡೆ, ಏನೇನಾಯ್ತು ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆ, ತೋಟ, ರಸ್ತೆ ಎಲ್ಲ ಮಣ್ಣಿನ ಜೊತೆ ಹೋದವು. ಎಷ್ಟೋ ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಮೊದಲ ಭಾಗದಲ್ಲಿ ಸಾರಾ ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಂಡು ಉಸಿರುಗಟ್ಟುವುದು, ಹಿಂದೆಯೇ ಕಲ್ಲುಮಣ್ಣು ಕುಸಿಯುವುದು ಬರುತ್ತಲ್ಲ, ಆಗ ಹೊರಗೂ ಮಳೆ ಶೀಟಿನ ಮೇಲೆ ಬಡಿಯುತ್ತಿತ್ತು. ಚಿಕ್ಕಮ್ಮ ಎದ್ದು ಹೊರಗೆ ಹೋದರು. ಹಿಂದೆ ಹೋದ ನನಗೆ, ‘ನೀವು ನೋಡಿ, ನಂಗೆ ಆ ಶಬ್ದ ಆಗಲ್ಲ’ ಅಂತಷ್ಟೇ ಅಂದರು. ಅಡುಗೆಮನೆಯಲ್ಲಿ ಒಲೆ ಹತ್ತಿರ ಕೂತಿದ್ದು ಅಲ್ಲಿಂದ ಏಳಲೇ ಇಲ್ಲ. ಆ ಪೋಸ್ಟರ್‌ನಲ್ಲಿ ರಕ್ತ ಇದೆ ಅಂತ ಬರೆದಿದ್ದರು, ಭೂಮಿ ಕುಸಿಯುತ್ತೆ ಅಂತ ಬರೆದಿರಲಿಲ್ಲ. ಕೊಡಗಿನಲ್ಲಿ ಆಗಸ್ಟ್ ತಿಂಗಳಲ್ಲಿ ತೋರಿಸುವವರು ಅದನ್ನೇ ಮೊದಲು ಬರೆಯಬೇಕು. ಮನೆಯಲ್ಲೇ ಹಾಕುವವರೂ ಯಾರು ಪಕ್ಕದಲ್ಲಿ ಕೂತಿದ್ದಾರೆ ನೋಡಿಕೊಂಡು ಹಾಕಿ.

ಇನ್ನೊಂದು. ಹಾಲ್‌ನಲ್ಲಿ ಸ್ಕೂಲ್ ಮಕ್ಕಳೂ ಇದ್ದರು. ಬ್ರಿಟನ್‌ನಲ್ಲಿ ಎರಡಕ್ಕೂ ಕೊಟ್ಟಿರುವುದು 18 ದಾಟಿದವರಿಗೆ ಮಾತ್ರ ಅನ್ನುವ ಸರ್ಟಿಫಿಕೇಟ್. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಮಕ್ಕಳಿಗೂ ಟಿಕೆಟ್ ತೆಗೆದುಕೊಂಡಿದ್ದರು.

ದುಡ್ಡು ವಾಪಸ್ ಕೇಳಿದೆವು. ‘ಊಟ ಮಾಡಿದ್ರಲ್ಲ ಸರ್’ ಅಂದರು ಮಾಲೀಕರು. ಅದೂ ಸರಿನೇ, ಪಂದಿ ಕರಿ ಚೆನ್ನಾಗಿತ್ತು. ಹೊರಡುವಾಗ ಕಾಲು ಕೆಜಿ ಕಾಫಿ ಪುಡಿ ಕೈಗಿಟ್ಟರು. ಕಾಫಿ ತೋಟದವರಿಗೇ ಕಾಫಿ ಪುಡಿ!

ಇಂಥ ಶೋಗೆ ದುಡ್ಡು ಕಟ್ಟುವವರು ಮೊದಲೇ ಕೇಳಿ: ಕೊನೆ ಸೀನು ಕಾರಿನಲ್ಲಾ, ಗುಹೆಯಲ್ಲಾ? ಕಾರು ಅಂದರೆ ಅದು ಕತ್ತರಿಸಿದ ಪ್ರತಿ. ಗೊತ್ತಿಲ್ಲ ಅಂದರೆ ಅದೇ ದುಡ್ಡಿಗೆ ಬೇರೆ ಕಡೆ ಊಟ ಮಾಡಿ. ಮನೆಯಲ್ಲಿ ಆ್ಯಪ್‌ನಲ್ಲಿ ನೋಡುವವರು ಮೊದಲನೆಯದು ಮುಗಿಯುವ ಹೊತ್ತಿಗೆ ರಿಮೋಟ್ ಕೈಯಲ್ಲಿ ಇಟ್ಟುಕೊಳ್ಳಿ, ಮುಂದಿನದು ತಾನಾಗಿಯೇ ಶುರುವಾಗಬಹುದು.