ಡಬ್ಬಿ, ಕ್ಯಾನು, ಶುಂಠಿ: ಶಿವಮೊಗ್ಗದಲ್ಲಿ ಕೂತು ಕ್ರಾಫ್ಟ್ ಬಿಯರ್ ಹುಡುಕಿದ್ದು

ನಮ್ಮೂರಲ್ಲಿ ಬಿಯರಿಗೆ ಎರಡೇ ಜಾತಿ. ಸ್ಟ್ರಾಂಗು, ಮೈಲ್ಡು. ವೈನ್ ಶಾಪಿನ ಕೌಂಟರಿಗೆ ಕೈ ಚಾಚಿದರೆ ಅವರು ಕೇಳುವುದು ಇದನ್ನೇ, ಆಮೇಲೆ ‘ಕೂಲಿಂಗಾ, ನಾರ್ಮಲ್ಲಾ?’ ಅಷ್ಟೇ. ಗೋಧಿ ಬಿಯರ್ ಇದೆಯಾ ಅಂತ ನಾನು ಮೊದಲ ಸಲ ಕೇಳಿದಾಗ ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು. ಹಿಟ್ಟಿನ ಗಿರಣಿಗೆ ಹೋಗಬೇಕಾದವನು ದಾರಿ ತಪ್ಪಿ ಬಂದ ಅಂದುಕೊಂಡರೋ ಏನೋ.

ಈ ಹುಚ್ಚು ಹಿಡಿಸಿದ್ದು ಬೆಂಗಳೂರು. ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಅನ್ನುವ ಮೈಕ್ರೋಬ್ರೂವರಿ ಶುರುವಾಯಿತು. ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡಿ ಅಲ್ಲೇ ಕುಡಿಯಲು ಕೊಡುವ ಜಾಗ, ಕ್ರಾಫ್ಟ್ ಬಿಯರ್ ಅನ್ನುವುದು ಇಂಥದ್ದನ್ನೇ. ಅದಾದ ಮೇಲೆ ಅಲ್ಲಿ ಮೈಕ್ರೋಬ್ರೂವರಿಗಳು ಒಂದರ ಹಿಂದೆ ಒಂದು ಬಂದವು. ಬಿಯರ್ ಕಾಯಿಸುವ ಹಂಡೆ, ಹುಳಿ ಬರಿಸುವ ಸ್ಟೀಲ್ ಟ್ಯಾಂಕು ಎಲ್ಲ ಅಲ್ಲೇ, ಗಾಜಿನ ಹಿಂದೆ ಕಾಣುವ ಹಾಗೆ. ನಾನು ಶಿವಮೊಗ್ಗದಲ್ಲಿ ಇರುವವನು. ಬೇಕೆನಿಸಿದಾಗೆಲ್ಲ ಅಲ್ಲಿಗೆ ಓಡಲಾಗುತ್ತಾ? ಹಾಗಾಗಿ ಊರಲ್ಲೇ ಕೂತು ಆ ರುಚಿಯ ಹತ್ತಿರಕ್ಕೆ ಹೋಗಲು ಏನೇನು ದಾರಿ ಇದೆ ಅಂತ ಒಂದೊಂದೇ ನೋಡಿದೆ. ಹೋಲಿಸಲು ಸುಲಭ ಆಗಲಿ ಅಂತ ಗೋಧಿ ಬಿಯರನ್ನೇ ಹಿಡಿದೆ. ಶುಂಠಿಯದ್ದು ಮಾತ್ರ ಬೇರೆ ಕತೆ, ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಅಸಲಿ. ಬೆಳಗಿನ ಜನಶತಾಬ್ದಿ ಹತ್ತಿ ಹೋದೆ. ಕುಡಿದು ಸ್ಟೇರಿಂಗ್ ಹಿಡಿಯುವ ಜಾಯಮಾನ ನನ್ನದಲ್ಲ. ಒಂದು ಬ್ರೂವರಿಯಲ್ಲಿ ಹೆಫೆವೈಜನ್ ತರಿಸಿದೆ. ಇದು ಜರ್ಮನಿಯ ಬವೇರಿಯಾ ಕಡೆಯ ಗೋಧಿ ಬಿಯರ್. ಧಾನ್ಯದಲ್ಲಿ ಅರ್ಧಕ್ಕೂ ಜಾಸ್ತಿ ಗೋಧಿ ಮಾಲ್ಟು, ಉಳಿದದ್ದು ಬಾರ್ಲಿ. ಮಾಲ್ಟ್ ಅಂದರೆ ಮತ್ತೇನಲ್ಲ, ನಾವು ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡುತ್ತೇವಲ್ಲ, ಅದೇ ಕೆಲಸ. ಸೋಸದೆ ಕೊಡುವುದರಿಂದ ಗ್ಲಾಸಿನಲ್ಲಿ ಮಬ್ಬು ಮಬ್ಬು. ಮೂಗಿಗೆ ಹಿಡಿದರೆ ಪುಟ್ಟಬಾಳೆ ಗೊನೆ ಹಣ್ಣಾಗುವಾಗ ಅಟ್ಟದಿಂದ ಇಳಿದು ಬರುತ್ತದಲ್ಲ, ಆ ಪರಿಮಳ. ಹಿಂದೆಯೇ ಸಣ್ಣಗೆ ಲವಂಗ. ಇದಕ್ಕೆ ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ. ಎರಡೂ ಯೀಸ್ಟಿನ ಕೆಲಸ. ಸಕ್ಕರೆ ತಿಂದು ಅಮಲು ಮಾಡುವಾಗ ಅದು ಈ ವಾಸನೆಗಳನ್ನೂ ಬಿಟ್ಟುಕೊಡುತ್ತದೆ.

ಅದರ ಎದುರು ಉಳಿದದ್ದೆಲ್ಲ ಸಪ್ಪೆ, ಒಪ್ಪುತ್ತೇನೆ. ಆದರೆ ಹೋಗಿ ಬರಲು ಹತ್ತಿರ ಹತ್ತಿರ 600 ಕಿಲೋಮೀಟರ್. ಮೇಜು ಸಿಗಲು ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತೆ. ಪಕ್ಕದವನ ಮಾತು ಕೇಳದಷ್ಟು ಹಾಡಿನ ಗಲಾಟೆ. ಬಿಯರ್ ಬಗ್ಗೆ ನಾಲ್ಕು ಮಾತಾಡೋಣ ಅಂದರೆ ಸನ್ನೆಯಲ್ಲೇ ಆಗಬೇಕು.

ಎರಡನೇ ದಾರಿ ಪಾರ್ಸಲ್. 2020ರಲ್ಲಿ ಲಾಕ್‌ಡೌನ್ ಸಡಿಲ ಆದಾಗ ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಬಿಯರ್ ಪಾರ್ಸಲ್ ಕೊಡಲು ಬಿಟ್ಟಿದ್ದರು. ಆಗ ಊರಿಗೆ ಬಂದ ಭಾವ ಒಂದು ಸ್ಟೀಲ್ ಕ್ಯಾನಿನಲ್ಲಿ 2 ಲೀಟರ್ ತಂದಿದ್ದ. ಇದನ್ನು ಗ್ರೌಲರ್ ಅನ್ನುತ್ತಾರೆ, ನೋಡಲು ಹಾಲಿನ ಕ್ಯಾನಿನ ತಮ್ಮ. ಮುಚ್ಚಳ ತೆಗೆದ ರಾತ್ರಿಯೇ ಮುಗಿಸಿದವರು ಬುದ್ಧಿವಂತರು. ನಾವು ಅರ್ಧ ಕುಡಿದು ಅರ್ಧ ಮಾರನೇ ದಿನಕ್ಕೆ ಇಟ್ಟೆವು. ಮಾರನೇ ದಿನ ನೊರೆ ಇಲ್ಲ, ಗ್ಯಾಸ್ ಇಲ್ಲ, ಗಂಜಿ ತಿಳಿ ಕುಡಿದ ಹಾಗಾಯಿತು. ಒಮ್ಮೆ ತೆರೆದರೆ ಅವತ್ತೇ ಮುಗಿಸಬೇಕು. ಇದರ ಬಗ್ಗೆ ಇಷ್ಟು ಸಾಕು.

ಮೂರನೆಯದು ವೈನ್ ಶಾಪಿನ ಡಬ್ಬಿ. ಇಲ್ಲೇ ನಾನು ಜಾಸ್ತಿ ಹೊತ್ತು ಕಳೆದದ್ದು, ಕಲಿತದ್ದೂ ಇಲ್ಲೇ.

ಈಗ ಶಿವಮೊಗ್ಗದಲ್ಲೂ ಒಂದೆರಡು ಅಂಗಡಿಗಳಲ್ಲಿ ಗೋಧಿ ಬಿಯರ್ ಸಿಗುತ್ತದೆ. ಹೆಚ್ಚಿನವು ಬೆಲ್ಜಿಯಂ ಶೈಲಿಯ ವಿಟ್. ಈ ಶೈಲಿಯದ್ದು ಒಂದು ಒಳ್ಳೆ ಕತೆ ಇದೆ. ಹೂಗಾರ್ಡನ್ ಅನ್ನುವ ಊರಲ್ಲಿ 1957ರಲ್ಲಿ ಕೊನೆಯ ವಿಟ್ ಬ್ರೂವರಿ ಬಾಗಿಲು ಹಾಕಿತು. ಬಿಯರ್ ಸತ್ತೇಹೋಯಿತು ಅಂದುಕೊಂಡಿರುವಾಗ, ಅದೇ ಊರಿನಲ್ಲಿ ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ 1966ರಲ್ಲಿ ಅದನ್ನು ಮತ್ತೆ ಶುರು ಮಾಡಿದ. ಇದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಬೀಳುತ್ತದೆ. ಸಾರಿನ ಪುಡಿ ಡಬ್ಬದಲ್ಲಿ ಇರುವ ಅದೇ ಕೊತ್ತಂಬರಿ ಬೀಜ.

ಮೊದಲು ತಂದ ಡಬ್ಬಿಯಲ್ಲಿ ಕೊತ್ತಂಬರಿಯೂ ಇಲ್ಲ, ಕಿತ್ತಳೆಯೂ ಇಲ್ಲ. ಒದ್ದೆ ರಟ್ಟಿನ ವಾಸನೆ. ತಿರುಗಿಸಿ ತಳ ನೋಡಿದೆ. ಅದರ ಗಡುವು ಆರು ತಿಂಗಳು, ಅದರಲ್ಲಿ ಉಳಿದದ್ದು ಹದಿನೈದು ದಿನ. ಬೇಸಿಗೆ ಪೂರ್ತಿ ಶೀಟಿನ ಮಾಡಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತ್ತು ಅಂತ ಕಾಣುತ್ತದೆ. ಅಂಗಡಿಯವರಿಗೆ ಹೇಳಿದರೆ ನಕ್ಕರು.

‘ಬಿಯರಿಗೆ ಯಾರು ಸಾರ್ ಡೇಟ್ ನೋಡ್ತಾರೆ? ಬ್ರೆಡ್ಡಾ ಅದು?’

ಬ್ರೆಡ್ಡಿನ ಅಣ್ಣನೇ ಅಲ್ವಾ? ಅದೇ ಧಾನ್ಯ, ಅದೇ ಯೀಸ್ಟು. ಆವತ್ತಿನಿಂದ ತಳ ನೋಡದೆ ದುಡ್ಡು ಕೊಡುವುದಿಲ್ಲ. ಎರಡು ತಿಂಗಳ ಒಳಗಿನದು ಸಿಕ್ಕರೆ ಮಾತ್ರ ತರುತ್ತೇನೆ. ಬಾಟಲಿಗಿಂತ ಡಬ್ಬಿಯೇ ವಾಸಿ. ಬಿಯರಿನಲ್ಲಿ ಕಹಿಗೆ ಅಂತ ಹಾಕುವ ಹಾಪ್ಸ್ ಹೂವಿಗೂ ಬಿಸಿಲಿಗೂ ಆಗಿಬರುವುದಿಲ್ಲ. ಬೆಳಕು ಬಿದ್ದರೆ ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಸ್ವಲ್ಪ ತಡೆಯುತ್ತದೆ, ಹಸಿರು ಬಾಟಲಿ ಅಷ್ಟು ತಡೆಯುವುದಿಲ್ಲ. ಡಬ್ಬಿಗೆ ಆ ಗೋಳೇ ಇಲ್ಲ.

ಇನ್ನೊಂದು ಭಾನುವಾರ ವಿನೋಬನಗರದ ನಮ್ಮ ಮನೆ ತಾರಸಿಯಲ್ಲಿ ಹೊಸ ತಾರೀಕಿನ ಎರಡು ಡಬ್ಬಿ ಇಟ್ಟುಕೊಂಡು ಕೂತೆವು. ಒಂದೇ ಬ್ರಾಂಡು, ಒಂದೇ ತಾರೀಕು. ಒಂದನ್ನು ಫ್ರೀಜರಿನಿಂದ ತೆಗೆದು ಹಾಗೇ ಸುರಿದೆ. ಇನ್ನೊಂದನ್ನು ಕಾಲು ಗಂಟೆ ಹೊರಗಿಟ್ಟೆ. ಯಾವುದು ಯಾವುದು ಅಂತ ಗೆಳೆಯನಿಗೆ ಹೇಳಲಿಲ್ಲ. ಅವನು ಸ್ಟ್ರಾಂಗ್ ಪಕ್ಷದವನು. ಮೊದಲ ಗ್ಲಾಸು ಗಟಗಟ ಇಳಿಸಿದ.

‘ಎಂತ ಮಾರಾಯ, ಇದು ತಣ್ಣೀರು. ಎಂತದೂ ಇಲ್ಲ.’

ಎರಡನೆಯದನ್ನು ಮೂಗಿನ ಹತ್ತಿರ ತಂದವನು ಹಾಗೇ ನಿಂತ. ಇನ್ನೊಂದು ಸಲ ಮೂಸಿದ.

‘ಇದು ಯಾವ ಕಂಪನಿದು? ಕೊತ್ತಂಬರಿ ವಾಸನೆ ಬರ್ತದಲ್ಲ?’

ಅದೇ ಬಿಯರು ಅಂತ ಹೇಳಿದರೆ ನಂಬಲಿಲ್ಲ. ಖಾಲಿ ಡಬ್ಬಿಗಳನ್ನು ಪಕ್ಕ ಪಕ್ಕ ಹಿಡಿದು ತೋರಿಸಬೇಕಾಯಿತು. ಐಸಿನಂಥ ಚಳಿಗೆ ನಾಲಿಗೆ ಜೋಮು ಹಿಡಿಯುತ್ತದೆ, ಪರಿಮಳವೂ ಮೇಲೇಳುವುದಿಲ್ಲ. ನಮ್ಮ ಸ್ಟ್ರಾಂಗ್ ಬಿಯರನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕೊಡುವುದು ಯಾಕೆ ಅಂತ ಆವತ್ತು ಗೊತ್ತಾಯಿತು. ಬಿಸಿಯಾದರೆ ಅದನ್ನು ಕುಡಿಯಲು ಆಗುವುದಿಲ್ಲ. ಗೆಳೆಯ ಇದನ್ನು ಇವತ್ತಿಗೂ ಒಪ್ಪಿಲ್ಲ. ಅವನ ಲೆಕ್ಕವೇ ಬೇರೆ. ಗೋಧಿಯದ್ದರಲ್ಲಿ ಅಮಲು ಶೇಕಡ 5ರ ಆಸುಪಾಸು, ಸ್ಟ್ರಾಂಗಿನಲ್ಲಿ 8ರ ತನಕ. ಅದೇ ದುಡ್ಡಿಗೆ ಕಮ್ಮಿ ಮಾಲು ಯಾಕೆ ಕೊಳ್ಳಬೇಕು ಅನ್ನುತ್ತಾನೆ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಸುರಿಯುವಾಗಲೂ ಒಂದು ಕೈಚಳಕ ಇದೆ. ಡಬ್ಬಿಯಲ್ಲಿ ಕೊನೆಯ ಎರಡು ಗುಟುಕು ಉಳಿದಾಗ ಗೋಲಾಕಾರ ಅಲ್ಲಾಡಿಸಿ, ತಳದ ಗಸಿ ಸಮೇತ ಗ್ಲಾಸಿಗೆ ಹಾಕಬೇಕು. ಗಸಿ ಬಿಟ್ಟರೆ ಅರ್ಧ ರುಚಿ ಬಿಟ್ಟ ಹಾಗೆ. ಸ್ಟೀಲ್ ಲೋಟ ಮಾತ್ರ ಬೇಡ. ಬಣ್ಣ ಕಾಣುವುದಿಲ್ಲ, ಕುಡಿಯುವಾಗ ಯಾಕೋ ಮಜ್ಜಿಗೆಯ ನೆನಪಾಗುತ್ತದೆ.

ನಂಜಿಕೊಳ್ಳಲು ಎಲ್ಲವನ್ನೂ ನೋಡಿದ್ದೇನೆ. ಕಾಂಗ್ರೆಸ್ ಕಡಲೆ ಸ್ಟ್ರಾಂಗಿಗೆ ಸರಿ, ಇದಕ್ಕೆ ಖಾರ ಜಾಸ್ತಿ. ವಿಟ್ ಜೊತೆ ಕೊಬ್ಬರಿ ಎಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳದ ಮುಂದೆ ಬೆಂಗಳೂರಿನ ಯಾವ ಫ್ರೈಸೂ ನಿಲ್ಲುವುದಿಲ್ಲ.

ಇನ್ನು ನಾಲ್ಕನೆಯದು. ಇದು ಬಿಯರ್ ಅಲ್ಲ, ಹೆಸರು ಮಾತ್ರ ಜಿಂಜರ್ ಬಿಯರ್. ಅಮಲು ನೆಪಕ್ಕೆ, ಇದ್ದೂ ಇಲ್ಲದ ಹಾಗೆ. ಆದರೂ ಈ ಪಟ್ಟಿಯಲ್ಲಿ ಯಾಕೆ ಸೇರಿಸಿದೆ ಅಂದರೆ, ಕೈಯಾರೆ ಮಾಡಿದ್ದು ಇದೊಂದೇ. ಸಾಗರದ ಕಡೆ ಭಾವನಿಗೆ ಒಂದಿಷ್ಟು ಶುಂಠಿ ಇದೆ. ರೇಟು ಬಿದ್ದ ವರ್ಷ ಒಂದು ಚೀಲ ತಂದು ಜಗಲಿಯಲ್ಲಿ ಒಗೆದು ಹೋದ. ಎಷ್ಟು ತಂಬುಳಿ ಮಾಡುತ್ತೀರಿ?

ಹೆಪ್ಪು ಹಾಕಬೇಕು, ಮೊಸರಿಗೆ ಹಾಕುವ ಹಾಗೆ. ಶುಂಠಿಯನ್ನು ಸಿಪ್ಪೆ ಸಮೇತ ತುರಿದು, ಸಕ್ಕರೆ ನೀರಿಗೆ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದೆ. ಕಾಡು ಯೀಸ್ಟ್ ಇರುವುದೇ ಸಿಪ್ಪೆಯಲ್ಲಿ, ಹೆರೆದು ಬಿಸಾಡಬಾರದು. ದಿನಾ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ. ಮೊದಲ ಮೂರು ದಿನ ಏನೂ ಆಗಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಕೆಲಸ ಕೆಡಿಸುತ್ತಿದೆ ಅಂತ ಹೊಳೆದದ್ದು ಆಮೇಲೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಳ್ಳುವ ಊರು ನಮ್ಮದು. ಆದರೆ ನಲ್ಲಿಯಲ್ಲಿ ಬರುವ ತುಂಗೆಯನ್ನು ಒಂದು ರಾತ್ರಿ ಪಾತ್ರೆಯಲ್ಲಿ ತೆರೆದಿಟ್ಟು ಬಳಸಬೇಕು. ಹಾಗೆ ಮಾಡಿದ ಮೇಲೆ ಐದನೇ ದಿನ ಜಾಡಿಗೆ ಕಿವಿ ಕೊಟ್ಟರೆ ಸಣ್ಣಗೆ ಸಿರ್ ಅನ್ನುವ ಸದ್ದು. ಆ ಖುಷಿ ಬೆಂಗಳೂರಿನ ಗ್ಲಾಸಿನಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಶುಂಠಿ ಕುದಿಸಿ, ಬೆಲ್ಲ ಹಾಕಿ, ಪೂರ್ತಿ ಆರಿಸಿ, ನಿಂಬೆ ಹಿಂಡಿ, ಈ ಹೆಪ್ಪು ಸೋಸಿ ಬೆರೆಸಿ ಬಾಟಲಿಗೆ ತುಂಬಿದೆ. ಎರಡು ಪ್ಲಾಸ್ಟಿಕ್ ಬಾಟಲಿ. ಚೆಂದ ಕಾಣಲಿ ಅಂತ ಒಂದು ಗಾಜಿನದ್ದು. ಅದು ಏಪ್ರಿಲ್ ತಿಂಗಳು. ಎರಡನೇ ರಾತ್ರಿ ಅಡುಗೆಮನೆಯಲ್ಲಿ ಪಟಾಕಿ ಹೊಡೆದ ಸದ್ದು. ಹೋಗಿ ನೋಡಿದರೆ ಗೋಡೆ ಮೇಲೆ ಬೆಲ್ಲದ ನೀರು, ಉಪ್ಪಿನಕಾಯಿ ಜಾಡಿಯ ಸುತ್ತ ಗಾಜಿನ ಚೂರು. ಅಕ್ಕ ಬಾಗಿಲಲ್ಲಿ ನಿಂತು ಏನೂ ಮಾತಾಡಲಿಲ್ಲ. ಅದಕ್ಕೇ ನನಗೆ ಜಾಸ್ತಿ ಹೆದರಿಕೆ ಆಯಿತು. ಪ್ಲಾಸ್ಟಿಕ್ ಬಾಟಲಿಯಾದರೆ ಕೈಯಲ್ಲಿ ಒತ್ತಿ ನೋಡಬಹುದು, ಕಲ್ಲಿನ ಹಾಗೆ ಗಟ್ಟಿಯಾದರೆ ಫ್ರಿಜ್ಜಿಗೆ ಇಡಬೇಕು. ಡಿಸೆಂಬರಿನಲ್ಲಿ ಅದೇ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು.

ರುಚಿ? ಗಂಟಲು ಸುಡುವ ಶುಂಠಿ, ಹಿಂದೆ ಬೆಲ್ಲ, ಮೂಗಿಗೆ ಹತ್ತುವ ಗ್ಯಾಸು. ಅಕ್ಕ ಎರಡು ಗುಟುಕು ಕುಡಿದು ‘ಕಷಾಯಕ್ಕೆ ಸೋಡ ಹಾಕಿದಂಗಿದೆ’ ಅಂದಳು. ಆದರೆ ಲೋಟ ಕೆಳಗಿಡಲಿಲ್ಲ.

ಈಗ ನಮ್ಮ ಮನೆಯ ವ್ಯವಸ್ಥೆ ಹೀಗೆ. ವರ್ಷಕ್ಕೆ ಎರಡು ಸಲ ರೈಲು. ಹೊಸ ತಾರೀಕಿನ ಡಬ್ಬಿ ಸಿಕ್ಕಿದ ವಾರ ತಾರಸಿ ಮತ್ತು ಹಪ್ಪಳ, ಗೆಳೆಯ ತನ್ನ ಸ್ಟ್ರಾಂಗು ತಾನೇ ತರುತ್ತಾನೆ. ಶುಂಠಿಯ ಜಾಡಿ ಮಾತ್ರ ವರ್ಷವಿಡೀ ಇರುತ್ತದೆ. ಅದಕ್ಕೆ ದಿನಾ ಒಂದು ಚಮಚ ಸಕ್ಕರೆ ಹಾಕುವ ಕೆಲಸವನ್ನು ಅಕ್ಕ ಯಾವಾಗ ವಹಿಸಿಕೊಂಡಳೋ ಗೊತ್ತಿಲ್ಲ. ಮೊನ್ನೆ ನೋಡಿದರೆ ಜಾಡಿಯ ಬಾಯಿಗೆ ಅವಳ ಹಳೇ ಸೀರೆಯ ತುಂಡು ಕಟ್ಟಿತ್ತು, ಮತ್ತು ಅದನ್ನು ಉಪ್ಪಿನಕಾಯಿ ಜಾಡಿಯಿಂದ ಮೂರು ಅಡಿ ದೂರ ಸರಿಸಿ ಇಟ್ಟಿದ್ದಳು.