ವಜ್ರದ ಓಲೆ ಕೊಳ್ಳುವವರು ಟೆಸ್ಟರಿನ ಸದ್ದನ್ನು ನಂಬಬೇಡಿ

ಮುಂಬಯಿಯ ಮಾಟುಂಗಾದಲ್ಲಿ ನಡೆದ ನನ್ನ ಮಗಳ ಮದುವೆಗೆ ಬಂದವರೆಲ್ಲ ಅವಳ ಕಿವಿಯೋಲೆಗಳನ್ನು ಕಂಡು, ಎಷ್ಟೊಂದು ಬಣ್ಣ ಚಿಮ್ಮುತ್ತಿದೆಯೆಂದು ಕೊಂಡಾಡಿದ್ದರು. ನಾನು ಮೋಸಹೋದುದಕ್ಕೆ ಆ ಬಣ್ಣವೇ ಸಾಕ್ಷಿಯೆಂದು ತಿಳಿಯಲು ನನಗೆ ಏಳು ತಿಂಗಳು ಹಿಡಿಯಿತು.

ಓಲೆಗಳನ್ನು ಕೊಂಡದ್ದು ಜವೇರಿ ಬಜಾರಿನ ಇಕ್ಕಟ್ಟಾದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ವ್ಯಾಪಾರಿ ಕನ್ನಡದಲ್ಲೇ ಮಾತನಾಡಿ ಊರ ಕಡೆಯ ನೆಂಟಸ್ತಿಕೆಯನ್ನು ಕೆದಕಿದಾಗ ನನ್ನ ಎಚ್ಚರ ಅರ್ಧ ಕರಗಿತು. ಉಳಿದರ್ಧವನ್ನು ಕರಗಿಸಿದ್ದು ಕಲ್ಲು ವಜ್ರವೇ ಎಂದು ಪರೀಕ್ಷಿಸುವ, ಪೆನ್ನಿನಂತಹ ಟೆಸ್ಟರ್. ಅದರ ತುದಿಯನ್ನು ಕಲ್ಲಿಗೆ ಮುಟ್ಟಿಸಿದೊಡನೆ ದೀಪಗಳು ಹತ್ತಿ ಸದ್ದು ಬಂತು. ತಲಾ 40 ಸೆಂಟಿನ (0.40 ಕ್ಯಾರಟ್ ತೂಕದ) ಎರಡು ಕಲ್ಲುಗಳಿಗೆ ಚಿನ್ನವೂ ಸೇರಿ 1,35,000 ರೂಪಾಯಿ ಎಣಿಸಿಕೊಟ್ಟೆ. ಬಿಲ್ಲಿನ ಬದಲು ಕೈಗೆ ಬಂದದ್ದು "ಓಲೆ, ಒಂದು ಜೊತೆ" ಎಂದಷ್ಟೇ ಬರೆದ ಚೀಟಿ. ಚಿನ್ನದ ಮೇಲೆ ಹಾಲ್‌ಮಾರ್ಕ್ ಇತ್ತು. ಅದು ಚಿನ್ನದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಕಲ್ಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ತಿರುಪು ಸಡಿಲವಾಯಿತೆಂದು ಡೊಂಬಿವಲಿಯಲ್ಲಿರುವ, ಕುಮಟಾ ಕಡೆಯ ಅಕ್ಕಸಾಲಿಯೊಬ್ಬರ ಬಳಿಗೆ ಒಯ್ದೆ. ಅವರು ಓಲೆಯನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ವಾರೆಯಾಗಿ ಹಿಡಿದು ನೋಡಿ, "ರಾಯರೇ, ಇದು ವಜ್ರವಲ್ಲ, ಮೊಯ್ಸನೈಟ್" ಎಂದರು. ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು.

ಮೊಯ್ಸನೈಟ್ ಎಂದರೆ ಸಿಲಿಕಾನ್ ಕಾರ್ಬೈಡ್. ಮಾರುಕಟ್ಟೆಯಲ್ಲಿ ಸಿಗುವುದು ಕೃತಕವಾಗಿ ಬೆಳೆಸಿದ ಹರಳು. ವಜ್ರದಂತೆಯೇ ಅದೂ ಶಾಖವನ್ನು ಚುರುಕಾಗಿ ಸಾಗಿಸುವುದರಿಂದ, ಶಾಖವನ್ನಷ್ಟೇ ಅಳೆಯುವ ಟೆಸ್ಟರ್ ಎರಡಕ್ಕೂ ಒಂದೇ ಸದ್ದು ಮಾಡುತ್ತದೆ. ಬಾಯಿಯ ಹಬೆ ಊದಿ, ಅದು ಥಟ್ಟನೆ ಆರಿದರೆ ವಜ್ರವೆನ್ನುವ ಮನೆಪರೀಕ್ಷೆಯೂ ಇದೇ ಕಾರಣಕ್ಕೆ ಸೋಲುತ್ತದೆ. ಬಿಡಿ ಕಲ್ಲನ್ನು ಅಕ್ಷರದ ಮೇಲೆ ಬೋರಲಾಗಿಟ್ಟು, ಓದಲು ಬಾರದಿದ್ದರೆ ವಜ್ರವೆನ್ನುವವರಿದ್ದಾರೆ. ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ವಜ್ರದ್ದು 2.42 ಆದರೆ ಮೊಯ್ಸನೈಟಿನದು 2.65ಕ್ಕೂ ಮಿಗಿಲು, ಆದ್ದರಿಂದ ಅದರ ಮೂಲಕವೂ ಅಕ್ಷರ ಕಾಣಿಸದು.

ಗುಟ್ಟು ಬಿಟ್ಟುಕೊಡುವುದು ಬೆಳಕಿನ ಬೇರೆ ಎರಡು ಗುಣಗಳು. ಬಿಳಿಯ ಬೆಳಕನ್ನು ಬಣ್ಣಗಳಾಗಿ ಒಡೆಯುವ ಶಕ್ತಿ ವಜ್ರದಲ್ಲಿ 0.044, ಮೊಯ್ಸನೈಟಿನಲ್ಲಿ 0.104, ಮದುವೆಮನೆಯ ದೀಪಗಳಡಿ ನೆಂಟರು ಮೆಚ್ಚಿದ್ದು ಈ ಅತಿರೇಕವನ್ನೇ. ಆದರೆ ಕೇವಲ ಬಣ್ಣವನ್ನು ನೋಡಿ ತೀರ್ಮಾನಿಸಲು ಪಳಗಿದ ಕಣ್ಣು ಬೇಕು. ಎರಡನೆಯ ಗುಣ ಹೆಚ್ಚು ಖಚಿತವಾದುದು. ವಜ್ರದ ಹರಳಿನ ರಚನೆ ಘನಾಕೃತಿಯದಾದ್ದರಿಂದ ಅದರೊಳಗೆ ಬೆಳಕು ಎಲ್ಲ ದಿಕ್ಕಿನಲ್ಲಿಯೂ ಒಂದೇ ವೇಗದಲ್ಲಿ ಸಾಗುತ್ತದೆ. ಮೊಯ್ಸನೈಟಿನದು ಷಟ್ಕೋನೀಯ ರಚನೆಯಾದ್ದರಿಂದ ಒಳಹೊಕ್ಕ ಕಿರಣ ಎರಡಾಗಿ ಸೀಳಿ, ಹಿಂಬದಿಯ ಮುಖಗಳ ಅಂಚುಗಳು ಜೋಡಿ ಗೆರೆಗಳಾಗಿ ಕಾಣುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ಹರಳಿನ ಒಂದು ಅಕ್ಷದ ಗುಂಟ ಮಾತ್ರ ಕಿರಣ ಸೀಳುವುದಿಲ್ಲ, ಕಲ್ಲು ಕೊರೆಯುವವರು ಸಾಮಾನ್ಯವಾಗಿ ಆ ಅಕ್ಷವನ್ನೇ ಮೇಲ್ಮುಖಕ್ಕೆ ನೇರವಾಗಿ ನಿಲ್ಲಿಸುತ್ತಾರೆ. ಹೀಗಾಗಿ ಮೇಲಿನಿಂದ ನೇರವಾಗಿ ನೋಡಿದವರಿಗೆ ಒಂದೇ ಗೆರೆ ಕಾಣುತ್ತದೆ. ಅಂಗಡಿಯಲ್ಲಿ ನನ್ನ ಕೈಗೂ ಭೂತಗನ್ನಡಿ ಕೊಟ್ಟಿದ್ದರು. ನಾನು ನೋಡಿದ್ದು ನೇರವಾಗಿಯೇ. ಕಲ್ಲನ್ನು ಓರೆಮಾಡಿ, ಪಕ್ಕದ ಮುಖಗಳ ಮೂಲಕ ಒಳಗಿಣುಕಬೇಕಿತ್ತು.

ಮೊಯ್ಸನೈಟ್ ಕೆಟ್ಟ ಕಲ್ಲೇನಲ್ಲ, ಅದರದೇ ಹೆಸರಿನಲ್ಲಿ ಅದರದೇ ಬೆಲೆಗೆ ಮಾರಿದ್ದರೆ ನನ್ನ ತಕರಾರಿರಲಿಲ್ಲ. ವರದಿ ಹಿಡಿದು ಮತ್ತೆ ಆ ಮಹಡಿ ಹತ್ತಿದಾಗ ಆತ ನನ್ನ ಚೀಟಿಯನ್ನೇ ಮುಂದಿಟ್ಟು, ವಜ್ರವೆಂದು ಎಲ್ಲಿ ಬರೆದಿದ್ದೇನೆ ತೋರಿಸಿ ಎಂದ.

ಆದ್ದರಿಂದ ಬಿಲ್ಲಿನಲ್ಲಿ ನೈಸರ್ಗಿಕ ವಜ್ರವೆಂಬ ಮಾತೂ ಪ್ರತಿ ಕಲ್ಲಿನ ತೂಕವೂ ಇರಲೇಬೇಕು. ಹಣ ಕೊಡುವ ಮೊದಲು ನೀವೇ ಆರಿಸಿದ ಪ್ರಯೋಗಾಲಯದಲ್ಲಿ ಕಲ್ಲನ್ನು ಪರೀಕ್ಷೆ ಮಾಡಿಸಿ. ಮೊನ್ನೆ ಸೊಸೆಗೆ ಮೂಗುತಿ ಕೊಳ್ಳುವಾಗ ನಾನು ಈ ಷರತ್ತು ಹಾಕಿದೆ. ಇಬ್ಬರು ವ್ಯಾಪಾರಿಗಳು ಮುಖ ಸಿಂಡರಿಸಿದರು, ಮೂರನೆಯವರು ಕಲ್ಲಿನ ಪೊಟ್ಟಣವನ್ನು ಜೇಬಿಗಿಳಿಸಿ ನನ್ನೊಡನೆ ಟ್ಯಾಕ್ಸಿ ಹತ್ತಿದರು.