"ಸಿಂಗಲ್ಸ್ ಸ್ಕೀ ವಾರ"ಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬರೆಯಲೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ನಾಚಿಕೆ ಆಗುತ್ತದೆ. ಆದರೆ ನಿನ್ನೆ ಆಫೀಸಿನಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ, ನಾನು ಈ ವಾರಕ್ಕೆ ದುಡ್ಡು ಕಟ್ಟಿ ಮೋಸಹೋದ ಅದೇ ಟ್ರಾವೆಲ್ ಕಂಪನಿಯ ಅದೇ ಪುಟ ತೆರೆದುಕೊಂಡು ಕೂತಿದ್ದ. "ಅಕ್ಕಾ, ಇದು ಹೆಂಗೈತಿ ನೋಡ್ರಿ" ಅಂದ. ಕಾರ್ಡ್ ನಂಬರ್ ಹಾಕುವುದಷ್ಟೇ ಬಾಕಿ. ನನಗೆ ಮೈಯೆಲ್ಲ ಉರಿಯಿತು.

ನಾನು ಮ್ಯೂನಿಕ್‌ಗೆ ಬಂದು ಆರು ವರ್ಷ. ವಯಸ್ಸು 36, ಮದುವೆ ಆಗಿಲ್ಲ. ಆಫೀಸು, ಮನೆ, ಶನಿವಾರ ಇಂಡಿಯನ್ ಅಂಗಡಿ, ಇಷ್ಟೇ ಬದುಕು. ಎರಡು ಚಳಿಗಾಲ ಇಲ್ಲೇ ಹತ್ತಿರದ ಲೆಂಗ್‌ಗ್ರೀಸ್‌ಗೆ ಹೋಗಿ ಸ್ಕೀಯಿಂಗ್ ಕಲಿತೆ. ಇಲ್ಲಿ ಜನರ ಪರಿಚಯ ಆಗುವುದೇ ಹಿಮದ ಮೇಲೆ ಅಂತ ಎಲ್ಲರೂ ಹೇಳುತ್ತಾರೆ. ಯಾರಾದರೂ ಜೊತೆಗೆ ಸಿಗಬಹುದು ಅನ್ನುವ ಆಸೆಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಆಸ್ಟ್ರಿಯಾದ ಆರ್ಲ್‌ಬರ್ಗ್ ಪರ್ವತ ಪ್ರದೇಶದ ಸೇಂಟ್ ಆಂಟನ್ ಊರಿನ ಹೆಸರು ಸ್ಕೀ ಮಾಡುವವರಿಗೆಲ್ಲ ಗೊತ್ತು. ಮಧ್ಯಾಹ್ನ ಮೂರೂವರೆ ನಾಲ್ಕರ ಹೊತ್ತಿಗೇ ಇಳಿಜಾರಿನ ಮೇಲಿನ ಮೂಸರ್‌ವಿರ್ಟ್‌ನಂಥ ಬಾರ್‌ಗಳಲ್ಲಿ ಹಾಡು ಶುರು. ಜನ ಸ್ಕೀ ಬೂಟಿನಲ್ಲೇ ಕುಣಿಯುತ್ತಾರೆ, ಆಮೇಲೆ ಕತ್ತಲಲ್ಲೇ ಸ್ಕೀ ಹಾಕಿಕೊಂಡು ಊರಿಗೆ ಇಳಿಯುತ್ತಾರೆ. ಚಿಕ್ಕ ಊರು. ಪಬ್ಬು, ಹೋಟೆಲ್ಲು, ರೈಲ್ವೆ ಸ್ಟೇಷನ್ನು ಎಲ್ಲ ನಡೆಯುವಷ್ಟು ಹತ್ತಿರ. ಒಬ್ಬರೇ ಹೋದವರಿಗೂ ಅಲ್ಲಿ ಮಾತಿಗೆ ಜನ ಸಿಗುವುದು ಅದಕ್ಕೇ. ಊರೊಳಗೆ ಉಳಿದುಕೊಂಡರೆ ಮಾತ್ರ. ಇದು ನನಗೆ ಆಮೇಲೆ ಅರ್ಥವಾಯಿತು.

ಕಂಪನಿಯ ಪುಟದಲ್ಲಿ ಇದ್ದದ್ದು: "ಆರ್ಲ್‌ಬರ್ಗ್ ಪ್ರದೇಶದಲ್ಲಿ ಸಿಂಗಲ್ಸ್ ವಾರ. ಸೇಂಟ್ ಆಂಟನ್ ಪಕ್ಕದಲ್ಲೇ." ಏಳು ರಾತ್ರಿ, ಒಬ್ಬರಿಗೆ ಒಂದು ರೂಮು, ಬೆಳಿಗ್ಗೆ ತಿಂಡಿ, ರಾತ್ರಿ ಊಟ, 1,290 ಯೂರೋ. ಆರು ದಿನದ ಸ್ಕೀ ಪಾಸು (ಲಿಫ್ಟ್ ಹತ್ತುವ ಟಿಕೆಟ್ಟು) ಬೇರೆ, ಅದಕ್ಕೆ ಇನ್ನೂ 400ರ ಹತ್ತಿರ. ನಾನು ಸುಮ್ನೆ ಕಟ್ಟಲಿಲ್ಲ, ಫೋನ್ ಮಾಡಿ ಕೇಳಿದೆ. "ಪಕ್ಕದಲ್ಲೇ, ನೀವು ಯೋಚನೆ ಮಾಡಬೇಡಿ. ನಿಮ್ಮ ವಯಸ್ಸಿನವರೇ ಜಾಸ್ತಿ" ಅಂದಳು ಫೋನ್ ತೆಗೆದಾಕೆ. ನಿಮ್ಮ ವಯಸ್ಸಿನವರೇ ಜಾಸ್ತಿ! ಆ ಮಾತು ಇನ್ನೂ ಕಿವಿಯಲ್ಲಿದೆ.

ಮೈಸೂರಿನಿಂದ ಅಮ್ಮ ಫೋನಿನಲ್ಲಿ "ಯಾರ ಜೊತೆ ಹೋಗ್ತಿದೀಯಾ ಪುಟ್ಟಿ?" ಅಂತ ಕೇಳಿದರು. ಆಫೀಸಿನವರ ಜೊತೆ ಅಂತ ಸುಳ್ಳು ಹೇಳಿದೆ.

ಲ್ಯಾಂಡೆಕ್ ಸ್ಟೇಷನ್ನಿನಿಂದ ಅವರ ವ್ಯಾನು ಹತ್ತಿದೆವು. ಸೇಂಟ್ ಆಂಟನ್‌ಗೆ ಇನ್ನೂ 17 ಕಿಲೋಮೀಟರ್ ಅನ್ನುವಾಗಲೇ ವ್ಯಾನು ಹೆದ್ದಾರಿಯಿಂದ ಎಡಕ್ಕೆ ತಿರುಗಿತು. ಒಂದು ಚರ್ಚು, ಒಂದು ಬೇಕರಿ, ಒಂದು ಗೆಸ್ಟ್‌ಹೌಸ್. ನಾವು ಉಳಿಯಬೇಕಾದದ್ದು ಅಲ್ಲೇ. ಪಕ್ಕದಲ್ಲೇ ಅಂದರೆ 17 ಕಿಲೋಮೀಟರ್! ವಾಪಸ್ ಬರುವ ಕೊನೆಯ ಬಸ್ಸು ಸಂಜೆ ಏಳೂವರೆಗೆ. ಅದು ತಪ್ಪಿದರೆ ಟ್ಯಾಕ್ಸಿಗೆ 70 ಯೂರೋ.

ಆ ರಾತ್ರಿಯ ಊಟದ ಮೇಜನ್ನು ನಾನು ಮರೆಯುವುದಿಲ್ಲ. ಹನ್ನೊಂದು ಕುರ್ಚಿಯ ಉದ್ದ ಮೇಜು. ನಡುವೆ ಮಡಚಿದ ಬಿಳಿ ಕಾಗದ, ಅದರ ಮೇಲೆ ನೀಲಿ ಪೆನ್ನಿನಲ್ಲಿ "ಸಿಂಗಲ್ಸ್". ಸುತ್ತ ಬೇರೆ ಮೇಜುಗಳಲ್ಲೆಲ್ಲ ಮಕ್ಕಳು ಮರಿ. ಫೆಬ್ರವರಿ, ಶಾಲೆಗಳ ರಜೆ. ಆ ಕಾಗದ ಎಲ್ಲರಿಗೂ ಕಾಣುವ ಹಾಗಿತ್ತು. ಎಲ್ಲರೂ ಅದನ್ನು ನೋಡಿ ನಮ್ಮ ಮುಖ ನೋಡುತ್ತಿದ್ದರು. ಕೂತಿದ್ದು ನಾವು ಆರೇ ಜನ. ಒಂದು ಗಂಡ-ಹೆಂಡತಿ. ಬೇರೆ ಬೇರೆ ರೂಮು ಬೇಕು, ಗಂಡನ ಗೊರಕೆ ಜಾಸ್ತಿ ಅಂತ ಈ ವಾರ ಆರಿಸಿಕೊಂಡಿದ್ದರಂತೆ. ಒಬ್ಬ ಅಜ್ಜ, 68 ವರ್ಷ, ಹೆಂಡತಿ ಹೋಗಿ ಎರಡು ವರ್ಷ. ಇಬ್ಬರು ಅಕ್ಕತಂಗಿಯರು, ಇಬ್ಬರಿಗೂ 60 ದಾಟಿದೆ. ಮತ್ತೆ ನಾನು. ಅವರ ಮೇಲೆ ನನಗೆ ಒಂದು ಚೂರೂ ಬೇಜಾರಿಲ್ಲ. ಒಳ್ಳೆಯ ಜನ. ಮೂರನೇ ದಿನ ನನ್ನ ಗ್ಲೌಸು ಒದ್ದೆಯಾದಾಗ ಆ ಅಜ್ಜ ತಮ್ಮದನ್ನೇ ಕೊಟ್ಟರು. ಅವರಿಗೂ ಮೋಸವೇ ಆಗಿದ್ದು. ಒಂಬತ್ತು ಗಂಟೆಗೆ ಗೆಸ್ಟ್‌ಹೌಸಿನಾಕೆ ಬಂದು ಕುರ್ಚಿಗಳನ್ನು ತಲೆಕೆಳಗೆ ಮಾಡಿ ಮೇಜಿನ ಮೇಲಿಟ್ಟು ದೀಪ ಆರಿಸಿದಳು.

ನಮ್ಮ ಜೊತೆಗಿದ್ದ ಕಂಪನಿಯವನನ್ನು ಅಲ್ಲೇ ಹಿಡಿದು ಕೇಳಿದೆ. "ಈ ಸಲ ಬುಕಿಂಗ್ ಕಡಿಮೆ. ಊರಿಗೆ ಹೋದ ಮೇಲೆ ಆಫೀಸಿಗೆ ಬರೆಯಿರಿ" ಅಂದ.

ಒಂದು ಸಂಜೆ ಒಬ್ಬಳೇ ಸೇಂಟ್ ಆಂಟನ್‌ನಲ್ಲಿ ಉಳಿದೆ. ಆಗಷ್ಟೇ ಇಬ್ಬರು ಮೂವರ ಪರಿಚಯವಾಗಿ ಮಾತು ಶುರುವಾಗಿತ್ತು, ಏಳು ಗಂಟೆಗೆ ಎದ್ದು ಬರಬೇಕಾಯಿತು. ಹೆಗಲ ಮೇಲೆ ಸ್ಕೀ, ಬಸ್ ಸ್ಟಾಪಿನಲ್ಲಿ ನಾನೊಬ್ಬಳೇ, ಮೇಲಿನಿಂದ ಹಾಡು ಕೇಳಿಸುತ್ತಿದೆ. ಆಗಲೇ ಅಮ್ಮನ ವಿಡಿಯೋ ಕಾಲ್. "ಎಲ್ಲಿ, ನಿನ್ನ ಫ್ರೆಂಡ್ಸ್‌ನ ತೋರಿಸು" ಅಂದರು. ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿ ಅತ್ತುಬಿಟ್ಟೆ.

ವಾಪಸ್ ಬಂದು ಕಂಪನಿಗೆ ಬರೆದೆ. ಮೊದಲ ಉತ್ತರ: "ಸಿಂಗಲ್ ಅಂದರೆ ಒಬ್ಬರಿಗೆ ಒಂದು ರೂಮು ಅಂತ ಅರ್ಥ. ಅವಿವಾಹಿತರು ಅಂತ ನಾವು ಎಲ್ಲೂ ಹೇಳಿಲ್ಲ." ಓದಿ ಕೈ ನಡುಗಿತು. ಹಾಗಿದ್ದರೆ ಪುಟದ ಮೇಲೆ ಬಿಯರ್ ಹಿಡಿದು ನಗುವ ಹುಡುಗ ಹುಡುಗಿಯರ ಫೋಟೋ ಯಾಕೆ? "ನಿಮ್ಮ ವಯಸ್ಸಿನವರೇ ಜಾಸ್ತಿ" ಅಂದಿದ್ದು ಯಾಕೆ? ಎರಡನೇ ಉತ್ತರ: "ಫೋನಿನ ಮಾತಿಗೆ ದಾಖಲೆ ಇಲ್ಲ. ಖುಷಿ ಅವರವರ ಮನಸ್ಸಿಗೆ ಬಿಟ್ಟದ್ದು." ಮೂರನೇದು 75 ಯೂರೋ ವೋಚರ್. ಮುಂದಿನ ಸೀಸನ್ನಿಗೆ ಅವರಲ್ಲೇ ಬುಕ್ ಮಾಡಿದರೆ ಮಾತ್ರ!

ದಯವಿಟ್ಟು, ಹಾಸಿಗೆ ಯಾವ ಊರಿನಲ್ಲಿದೆ ಅಂತ ಊರಿನ ಹೆಸರು ಕೇಳಿ. "ಪ್ರದೇಶ" ಅಂದರೆ ಒಪ್ಪಬೇಡಿ. ಎಷ್ಟು ಜನ ಬುಕ್ ಮಾಡಿದ್ದಾರೆ, ವಯಸ್ಸೆಷ್ಟು ಅಂತ ಮೇಲ್‌ನಲ್ಲೇ ಬರೆಸಿಕೊಳ್ಳಿ. ಫೆಬ್ರವರಿ ರಜೆಯ ವಾರ ಬೇಡವೇ ಬೇಡ, ಆಗ ಎಲ್ಲ ಕಡೆ ಕುಟುಂಬದವರೇ. ಲೆಖ್, ಟ್ಸೂರ್ಸ್ ಅನ್ನುವ ಊರುಗಳು ಕೂಡ ಆರ್ಲ್‌ಬರ್ಗ್‌ನಲ್ಲೇ ಇವೆ, ಆದರೆ ಅವು ದುಬಾರಿ, ಸಂಜೆಯ ಗದ್ದಲವೂ ಕಡಿಮೆ. ಹೊಸದಾಗಿ ಕಲಿತವರು ಇನ್ನೊಂದು ನೆನಪಿಡಿ. ಸೇಂಟ್ ಆಂಟನ್‌ನ ನೀಲಿ (ಸುಲಭದ) ದಾರಿ ಬೇರೆ ಕಡೆಯ ಕೆಂಪು (ಮಧ್ಯಮ) ದಾರಿಯಷ್ಟು ಕಷ್ಟ. ನಾಲ್ಕು ಗಂಟೆಗೆ ಗಾಲ್‌ತ್ಸಿಗ್ ಬೆಟ್ಟದಿಂದ ಊರಿಗೆ ಇಳಿಯುವಾಗ ನನ್ನ ಕಾಲು ಕೈಗೆ ಬಂದಿತ್ತು.

"ಊರಿಗೆ ಹೋಗಿ ಬರೆಯಿರಿ" ಅಂದರೆ ಮಾತ್ರ ಕೇಳಲೇಬೇಡಿ. ಜರ್ಮನಿಯ ಕಾನೂನಿನಲ್ಲಿ ಪ್ಯಾಕೇಜ್ ಪ್ರವಾಸದ ಕೊರತೆಯನ್ನು ಅಲ್ಲಿರುವಾಗಲೇ ತಿಳಿಸಬೇಕು. ಇಲ್ಲದಿದ್ದರೆ ದುಡ್ಡು ವಾಪಸ್ ಕೇಳುವ ಹಕ್ಕೇ ಹೋಗಬಹುದು. ಆ ಕಂಪನಿಯವನಿಗೆ ಇದು ಗೊತ್ತಿಲ್ಲದೆ ಇರುತ್ತಾ? ಗೊತ್ತಿದ್ದೇ ಹೇಳಿದ್ದು! ನನ್ನ ಪುಣ್ಯ, ಸಿಟ್ಟಿನಲ್ಲಿ ಮೊದಲ ರಾತ್ರಿಯೇ ಅವನಿಗೆ ವಾಟ್ಸಾಪ್‌ನಲ್ಲಿ ಎಲ್ಲ ಬರೆದು, ಆ ಮೇಜಿನ ಫೋಟೋ ಕಳಿಸಿದ್ದೆ. ಅಲ್ಲಿರುವಾಗಲೇ ತಿಳಿಸಿದ್ದೆ ಅನ್ನುವುದಕ್ಕೆ ಈಗ ನನ್ನ ಕೈಯಲ್ಲಿರುವ ಸಾಕ್ಷಿ ಅದೊಂದೇ. ಪ್ರವಾಸ ಮುಗಿದ ದಿನದಿಂದ 2 ವರ್ಷ ಸಮಯ ಇದೆ. ವೋಚರ್ ವಾಪಸ್ ಕಳಿಸಿ, ದುಡ್ಡು ಕೊಡಿ ಅಂತ ಮತ್ತೆ ಬರೆದಿದ್ದೇನೆ.

ಪುಟದಲ್ಲಿ ಈಗ "ಪಕ್ಕದಲ್ಲೇ" ಅನ್ನುವುದನ್ನು ತೆಗೆದು "ಸುಲಭವಾಗಿ ತಲುಪಬಹುದು" ಅಂತ ಹಾಕಿದ್ದಾರೆ. ಹಳೆಯ ಪುಟದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಯಾರಾದರೂ ಈಗಾಗಲೇ ದುಡ್ಡು ಕಟ್ಟಿದ್ದರೆ ಹೇಳಿ, ಕಳಿಸುತ್ತೇನೆ.